ಒಂದು ಅಡಕತ್ತರಿ, ಮೂರು ತಪ್ಪು: ವಿಮಾನ ನಿಲ್ದಾಣದ ತಪಾಸಣೆಯವರ ಶಿಸ್ತಿನ ಪ್ರಶ್ನೆ

ಹುಬ್ಬಳ್ಳಿಯಿಂದ ಮುಂಬೈಗೆ ಹೊರಟಿದ್ದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಗದಗ ಕಡೆಯ ಹಿರಿಯರೊಬ್ಬರು ನಿಂತಿದ್ದರು. ಧೋತರ, ನೆಹರೂ ಶರ್ಟು, ತಲೆಗೆ ಬಿಳಿ ಟೋಪಿ. ಬೋರ್ಡಿಂಗ್ ಪಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ರೀತಿಯಲ್ಲೇ ಇದು ಮೊದಲ ವಿಮಾನ ಪ್ರಯಾಣ ಅಂತ ಗೊತ್ತಾಗುತ್ತಿತ್ತು. ಅವರ ಕೈಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು.

“ಅಜ್ಜಾರ, ಚೀಲದಾಗ ಏನೇನ್ ಇಟ್ಟೀರ್ರಿ?” ಪರದೆ ನೋಡುತ್ತಿದ್ದ ತಪಾಸಣೆಯ ಹುಡುಗಿ ಕೇಳಿದಳು.

“ಪೇಢೆ ಅದಾವ ನೋಡವ್ವಾ. ಮೊಮ್ಮಗಳಿಗೆ ಒಯ್ಯಾಕತ್ತೀನಿ.”

ಎಕ್ಸ್‌ರೇ ಪರದೆಯ ಮೇಲೆ ವಸ್ತುಗಳ ನಿಜವಾದ ಬಣ್ಣ ಕಾಣುವುದಿಲ್ಲ. ಲೋಹ ನೀಲಿಯಾಗಿ, ತಿಂಡಿ, ಬಟ್ಟೆ, ಕಾಗದದಂಥವು ಕಿತ್ತಳೆಯಾಗಿ, ನಡುವಿನವು ಹಸಿರಾಗಿ ಕಾಣುತ್ತವೆ. ಸ್ಫೋಟಕಗಳಲ್ಲಿ ಹೆಚ್ಚಿನವು ಆ ಕಿತ್ತಳೆ ಗುಂಪಿಗೇ ಸೇರುತ್ತವೆ. ಹೀಗಾಗಿ ಒತ್ತಿ ತುಂಬಿದ ನಾಲ್ಕು ಡಬ್ಬಿ ಧಾರವಾಡ ಪೇಢೆ ಪರದೆಯ ಮೇಲೆ ದಟ್ಟ ಕಿತ್ತಳೆಯ ಗಟ್ಟಿಯಂತೆ ಕಂಡರೆ, ನೋಡುವವರು ಎರಡನೇ ಸಲ ನೋಡಲೇಬೇಕು. ಆ ಹುಡುಗಿ ನೋಡಿದಳು. ಡಬ್ಬಿಗಳ ಕೆಳಗೆ ಕಡುನೀಲಿಯ ಏನೋ ಒಂದು ಇತ್ತು. ಚೀಲ ಬಿಚ್ಚಿಸಿದಾಗ ಎಲೆ-ಅಡಿಕೆಯ ಚಂಚಿ ಬಂತು, ಚಂಚಿಯೊಳಗಿಂದ ಕಬ್ಬಿಣದ ಅಡಕತ್ತರಿ.

“ಇದನ್ನ ಒಳಗ ಒಯ್ಯಾಕ ಬರಂಗಿಲ್ರಿ ಅಜ್ಜಾರ.”

“ನಮ್ಮಪ್ಪನ ಕಾಲದ್ದವ್ವಾ ಅದು.”

ಹಿಂದಿನಿಂದ ಯಾರೋ ಗದರಿದರು, ತಡವಾಗುತ್ತದೆ ಅಂತ. ಹುಡುಗಿ ಮೇಲಿನವರನ್ನು ಕರೆದಳು. ವಿಮಾನ ಸಂಸ್ಥೆಯ ಹುಡುಗನೊಬ್ಬ ಅಜ್ಜನನ್ನು ಕೌಂಟರಿಗೆ ಹಿಂದಕ್ಕೆ ಕರೆದುಕೊಂಡು ಹೋಗಿ, ಪೇಢೆ ಡಬ್ಬಿಗಳನ್ನು ಬೇರೆ ಮಾಡಿ, ಚಂಚಿಯಿದ್ದ ಕೈಚೀಲವನ್ನು ಲಗೇಜಿಗೆ ಹಾಕಿಸಿ ಕರೆತಂದ. ಹತ್ತು ನಿಮಿಷದ ಕೆಲಸ. ಅಷ್ಟೇ ನಡೆದದ್ದು.

ನಾನು ಧಾರವಾಡದಲ್ಲಿ ನೌಕರಿಯಿಂದ ನಿವೃತ್ತನಾದವನು. ಸೇವೆಯಲ್ಲಿದ್ದಾಗಲೂ ಆಮೇಲೂ ಇಲಾಖಾ ವಿಚಾರಣೆಗಳಲ್ಲಿ ಆಪಾದಿತ ನೌಕರರ ಪರವಾಗಿ ರಕ್ಷಣಾ ಸಹಾಯಕನಾಗಿ ಕೂತಿದ್ದೇನೆ. ಆ ಅಭ್ಯಾಸಕ್ಕೋ ಏನೋ, ವಿಮಾನದಲ್ಲಿ ಕೂತ ಮೇಲೂ ಆ ಅಡಕತ್ತರಿಯೇ ತಲೆಯಲ್ಲಿ ಉಳಿಯಿತು. ಆ ಹುಡುಗಿ ಮೂರು ಬಗೆಯಲ್ಲಿ ತಪ್ಪು ಮಾಡಬಹುದಿತ್ತು. ಪರದೆ ನೋಡಿ ನೋಡಿ ದಣಿದ ಕಣ್ಣಿಗೆ ಅಡಕತ್ತರಿ ಕಾಣದೇ ಹೋಗಬಹುದಿತ್ತು. ಕಂಡ ಮೇಲೆ ಅಜ್ಜನಿಗೆ ಸಾಲಿನವರ ಎದುರು ಬಾಯಿಗೆ ಬಂದಂತೆ ಅಂದು ಕಳಿಸಬಹುದಿತ್ತು. ಅಥವಾ ಅದನ್ನು ತೆಗೆದಿಟ್ಟುಕೊಂಡು ಸಂಜೆ ತನ್ನ ಚೀಲಕ್ಕೆ ಹಾಕಿಕೊಳ್ಳಬಹುದಿತ್ತು. ಮೂರಕ್ಕೂ ಕಾಗದದ ಮೇಲೆ ಬರೆಯುವ ಶಬ್ದ ಒಂದೇ: ದುರ್ನಡತೆ. ಮೊದಲನೆಯದು ಕಣ್ಣಿನ ಸೋಲು, ಎರಡನೆಯದು ನಾಲಿಗೆಯ ತಪ್ಪು, ಮೂರನೆಯದು ಕಳವು. ಈ ಮೂರನ್ನೂ ಒಂದೇ ಕೋಲಿನಿಂದ ಅಳೆಯುವ ಶಿಸ್ತು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೇರೂರುತ್ತಿದೆ, ಅದರಿಂದ ನೌಕರರಿಗೆ ಅನ್ಯಾಯ ಆಗುವುದರ ಜೊತೆಗೆ ನಮ್ಮ ಸುರಕ್ಷತೆಯೂ ಕಡಿಮೆಯಾಗುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿ ನಿಂತವರು ಯಾರು?

ನಾವು ಎಲ್ಲರನ್ನೂ ‘ಸೆಕ್ಯೂರಿಟಿಯವರು’ ಅಂದುಬಿಡುತ್ತೇವೆ. ಒಳಗಿನ ಲೆಕ್ಕ ಬೇರೆಯೇ ಇದೆ.

1976ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದರ ಅಪಹರಣ ಆಯಿತು. ಅದರ ನಂತರ ನೇಮಿಸಿದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, ಒಂದು ಸಣ್ಣ ಘಟಕವಾಗಿ ಹುಟ್ಟಿತು. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟಗೊಂಡ ಮೇಲೆ, 1987ರ ಏಪ್ರಿಲ್ 1ರಿಂದ ಅದು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನದ ಅಪಹರಣವಾದ ಬಳಿಕ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ಒಂದೊಂದೇ ನಿಲ್ದಾಣವನ್ನು ವಹಿಸಿಕೊಂಡಿತು. ನಮ್ಮ ಭದ್ರತಾ ವ್ಯವಸ್ಥೆಯ ಪ್ರತಿ ಪದರವೂ ಒಂದು ದುರಂತದ ಮರುದಿನ ಕಟ್ಟಿದ್ದು.

ನಿಯಮ ಮಾಡುವುದು ಬಿಸಿಎಎಸ್. ದೊಡ್ಡ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ತಡವಿ ನೋಡುವವರು, ಕೈಚೀಲ ಪರೀಕ್ಷಿಸುವವರು ಸಿಐಎಸ್‌ಎಫ್‌ನವರು. ಹಲವು ಸಣ್ಣ ನಿಲ್ದಾಣಗಳಲ್ಲಿ ಆ ಜಾಗದಲ್ಲಿ ರಾಜ್ಯದ ಪೊಲೀಸರೋ ರಾಜ್ಯದ ಕೈಗಾರಿಕಾ ಭದ್ರತಾ ಪಡೆಯವರೋ ಇರುತ್ತಾರೆ. ವಿಮಾನದ ಹೊಟ್ಟೆಗೆ ಹೋಗುವ ಲಗೇಜನ್ನು ನೋಡುವವರು ಮತ್ತೆ ಬೇರೆ. ಅನೇಕ ಕಡೆ ವಿಮಾನ ನಿಲ್ದಾಣ ಪ್ರಾಧಿಕಾರದ ಅಂಗಸಂಸ್ಥೆಯಾಗಿ 2016ರಲ್ಲಿ ಶುರುವಾದ ಎಎಐಕ್ಲಾಸ್ ಕಂಪನಿಯ ತಪಾಸಕರು, ಇನ್ನು ಕೆಲವು ಕಡೆ ವಿಮಾನ ಸಂಸ್ಥೆಯ ಅಥವಾ ಖಾಸಗಿ ನಿರ್ವಾಹಕರ ನೌಕರರು. 2022ರಲ್ಲಿ ಕೇಂದ್ರ ಸರ್ಕಾರ ನಿಲ್ದಾಣಗಳಲ್ಲಿನ 3,049 ಸಿಐಎಸ್‌ಎಫ್ ಹುದ್ದೆಗಳನ್ನು ರದ್ದು ಮಾಡಿ, ಪ್ರಮುಖವಲ್ಲದ ಕೆಲಸಗಳಿಗೆ 1,924 ಖಾಸಗಿ ಭದ್ರತಾ ಸಿಬ್ಬಂದಿಯನ್ನು ಹಾಕುವ ತೀರ್ಮಾನ ಮಾಡಿತು. ಸಾಲು ನೋಡಿಕೊಳ್ಳುವುದು, ದಾರಿ ತೋರಿಸುವುದು ಇಂಥ ಕೆಲಸ.

ಇವರ ಮೇಲಿನ ಶಿಸ್ತಿನ ನಿಯಮಗಳೂ ಹಾಗೆಯೇ ಹಂಚಿಹೋಗಿವೆ. ಸಿಐಎಸ್‌ಎಫ್ ಜವಾನನ ಮೇಲೆ 1968ರ ಕಾಯ್ದೆ, 2001ರ ನಿಯಮಗಳು ಅನ್ವಯಿಸುತ್ತವೆ. ವಾಗ್ದಂಡನೆ, ಏಳು ದಿನದ ಸಂಬಳದವರೆಗೆ ದಂಡ, ವೇತನ ಬಡ್ತಿ ತಡೆ ಲಘು ದಂಡನೆಗಳು. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆಯುವುದು, ವಜಾ ದೊಡ್ಡವು. ದೊಡ್ಡದನ್ನು ಕೊಡಬೇಕಾದರೆ ದೋಷಾರೋಪಣೆ ಪಟ್ಟಿ, ವಿಚಾರಣಾಧಿಕಾರಿ, ಸಾಕ್ಷಿ, ಪಾಟೀಸವಾಲು ಎಲ್ಲ ನಡೆಯಬೇಕು. ಸಶಸ್ತ್ರ ಪಡೆ ಅನ್ನಿಸಿಕೊಂಡ ಕಾರಣ ಸಂಘ ಕಟ್ಟುವ ಹಕ್ಕು ಅವರಿಗಿಲ್ಲ. ಕರ್ನಾಟಕದ ಪೊಲೀಸ್ ಸಿಬ್ಬಂದಿಯಾದರೆ 1965ರ ರಾಜ್ಯ ಪೊಲೀಸ್ ಶಿಸ್ತು ನಡವಳಿಗಳ ನಿಯಮಗಳು. ಇವರಿಬ್ಬರಿಗೂ ವಿಚಾರಣೆ ಅಂತ ಒಂದು ಕಟ್ಟೆಯಾದರೂ ಇದೆ.

ಮೂರನೆಯವರಾದ ಗುತ್ತಿಗೆಯ ತಪಾಸಕರಿಗೆ ಆ ಕಟ್ಟೆ ಇಲ್ಲವೆನ್ನುವಷ್ಟು ತಗ್ಗು. ಎಎಐಕ್ಲಾಸ್‌ನ ಇತ್ತೀಚಿನ ನೇಮಕಾತಿ ಪ್ರಕಟಣೆಗಳನ್ನು ನಮ್ಮ ಕಡೆಯ ಪದವೀಧರ ಹುಡುಗರು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಮೂರು ವರ್ಷದ ನಿಗದಿತ ಅವಧಿ. ಸಂಬಳ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಎರಡನೆಯ ವರ್ಷ 32,000, ಮೂರನೆಯ ವರ್ಷ 34,000. ಹಾವೇರಿಯ ಹಳ್ಳಿಯ ಮನೆಯೊಂದಕ್ಕೆ ಇದು ಸಣ್ಣ ದುಡ್ಡಲ್ಲ. ಆದರೆ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಎಕ್ಸ್‌ರೇ ಚಿತ್ರ ಓದುವುದು ಕೈಗೆ ಹತ್ತುವ ಹೊತ್ತಿಗೆ ಅವಧಿಯ ಕೊನೆ ಕಣ್ಣೆದುರಿಗೆ ಬಂದಿರುತ್ತದೆ.

ಪಾಸು ಹೋದರೆ ಎಲ್ಲ ಹೋದಂತೆ

ನಿಲ್ದಾಣದ ಒಳಗೆ ಕಾಲಿಡಲು ಪ್ರತಿ ನೌಕರನಿಗೂ ಏರ್‌ಪೋರ್ಟ್ ಎಂಟ್ರಿ ಪರ್ಮಿಟ್ ಬೇಕು. ಒಳಗಿನವರು ಬರೀ ‘ಪಾಸು’ ಅನ್ನುತ್ತಾರೆ, ಇಲ್ಲವೇ ಎಇಪಿ. ಪೂರ್ವಾಪರ ಪರಿಶೀಲನೆ ಆದ ಮೇಲೆ ಬಿಸಿಎಎಸ್ ವ್ಯವಸ್ಥೆಯ ಮೂಲಕ ಅದು ಸಿಗುತ್ತದೆ. ಈ ಪಾಸಿನ ಮಹತ್ವ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಕಂಪನಿ ನೌಕರನನ್ನು ತೆಗೆಯಬೇಕಿಲ್ಲ, ಅಮಾನತು ಆದೇಶ ಬರೆಯಬೇಕಿಲ್ಲ. ಪಾಸು ಕಸಿದುಕೊಂಡರೆ ಸಾಕು, ಅವನು ಕೆಲಸದ ಜಾಗಕ್ಕೆ ಹೋಗಲಾರ. ಹೋಗದವನಿಗೆ ಸಂಬಳ ಎಲ್ಲಿಯದು?

ಒಂದು ಪ್ರಕರಣ ನನ್ನ ಕೈಗೇ ಬಂದಿತ್ತು. ನಮ್ಮ ಓಣಿಯ ಹುಡುಗಿ, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವಳು, ಹೊರರಾಜ್ಯದ ಒಂದು ನಿಲ್ದಾಣದಲ್ಲಿ ಲಗೇಜು ತಪಾಸಣೆಯ ಕೆಲಸಕ್ಕಿದ್ದಳು. ಊರು, ಕಂಪನಿ ಎರಡರ ಹೆಸರೂ ಇಲ್ಲಿ ಬೇಡ. ಒಂದು ಸಂಜೆ ಪ್ರಯಾಣಿಕರೊಬ್ಬರು ತಮ್ಮ ಬ್ಯಾಗಿನಿಂದ ಕೈಗಡಿಯಾರ ಕಳೆದಿದೆ ಅಂತ ದೂರು ಕೊಟ್ಟರು. ಆ ಬ್ಯಾಗು ಹಾದುಹೋದ ಪಾಳಿಯಲ್ಲಿ ಮೂವರಿದ್ದರು. ರಾತ್ರಿಯೊಳಗೆ ಮೂವರ ಪಾಸೂ ಹೋಯಿತು. ಬ್ಯಾಗು ಕೌಂಟರಿನಿಂದ ವಿಮಾನದವರೆಗೆ, ವಿಮಾನದಿಂದ ಇನ್ನೊಂದು ಊರಿನ ಬೆಲ್ಟಿನವರೆಗೆ ಎಷ್ಟು ಕೈ ದಾಟುತ್ತದೆ ಅನ್ನುವುದನ್ನು ಯಾರೂ ಕೇಳಲಿಲ್ಲ. ಸಿಸಿಟಿವಿ ದೃಶ್ಯ ತೋರಿಸಿ ಅಂತ ಈಕೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು ಎರಡು ಸಾಲಿನ ಪತ್ರ ಬಂತು: ಗುತ್ತಿಗೆಯ ಷರತ್ತಿನಂತೆ ಸೇವೆ ಕೊನೆಗೊಳಿಸಲಾಗಿದೆ. ಕಳವು ಅನ್ನುವ ಶಬ್ದವೇ ಅದರಲ್ಲಿರಲಿಲ್ಲ.

ಅವಳ ತಾಯಿ ಆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಿದ್ದರು. “ಸಾಹೇಬ್ರ, ಇದರಾಗ ಕಳ್ಳಿ ಅಂತ ಬರದಿಲ್ಲಲ್ರಿ, ಹಂಗಾರ ಯಾಕ ತಗದ್ರು ಅಂತ ಊರ ಮಂದಿ ಕೇಳಿದ್ರ ಏನ್ ಹೇಳ್ಲಿ?” ಅಂತ ಅವರು ಕೇಳಿದರು. ಸೇವಾ ಕಾನೂನಿನ ಅತ್ಯಂತ ಕಠಿಣ ಪ್ರಶ್ನೆ ಅದೇ.

1957ರಲ್ಲಿ ತೀರ್ಪಾದ ಪರಶೋತ್ತಮ್ ಲಾಲ್ ಧಿಂಗ್ರಾ ಪ್ರಕರಣದಿಂದ ಈಚೆಗೆ ಸುಪ್ರೀಂ ಕೋರ್ಟು ಬೇರೆಬೇರೆ ತೀರ್ಪುಗಳಲ್ಲಿ ಬೆಳೆಸಿಕೊಂಡು ಬಂದ ತತ್ವ ಒಂದಿದೆ. ಆದೇಶದ ಭಾಷೆ ಎಷ್ಟೇ ಸಾಧುವಾಗಿರಲಿ, ಅದರ ಹಿಂದೆ ಆರೋಪ ಇದ್ದು, ಆ ಆರೋಪದ ಶಿಕ್ಷೆಯಾಗಿಯೇ ಕೆಲಸದಿಂದ ತೆಗೆದಿದ್ದರೆ, ಪರದೆ ಸರಿಸಿ ನೋಡಬೇಕು. ಕಳಂಕ ಹಚ್ಚುವುದಾದರೆ ಕೇಳಿಸಿಕೊಳ್ಳಬೇಕು. ತತ್ವ ಚೆನ್ನಾಗಿದೆ. ಆದರೆ ಅದನ್ನು ಕೋರ್ಟಿನವರೆಗೆ ಒಯ್ಯಲು ವಕೀಲರ ಫೀಸು, ವರ್ಷಗಟ್ಟಲೆ ತಾಳ್ಮೆ ಎರಡೂ ಬೇಕು. ಮೂರು ವರ್ಷದ ಗುತ್ತಿಗೆಯವಳ ಕೇಸು ತೀರುವ ಮೊದಲೇ ಗುತ್ತಿಗೆ ತೀರಿರುತ್ತದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸ್ವಲ್ಪ ಆಸರೆ ಇದೆ. ವಿಚಾರಣೆಗಾಗಿ ಕಾರ್ಮಿಕನನ್ನು ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ, ತಡ ಅವನಿಂದಾಗಿ ಆಗಿಲ್ಲವಾದರೆ ಆಮೇಲೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕು. ವಿಚಾರಣೆ ಸಾಮಾನ್ಯವಾಗಿ 90 ದಿನದಲ್ಲಿ ಮುಗಿಯಬೇಕು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ. ಆದರೆ ಇವುಗಳಲ್ಲೊಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಥಾಯಿ ಆದೇಶಗಳನ್ನು, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮಗಳನ್ನು, 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಸೀಮಿತ ಮಾಡಿದೆ. ಈ ಎಲ್ಲ ಲೆಕ್ಕ ಇರುವುದು ‘ಅಮಾನತು’ ಅನ್ನುವ ಶಬ್ದದ ಸುತ್ತ. ಪಾಸು ಕಿತ್ತುಕೊಂಡು ‘ಅಮಾನತು ಮಾಡಿಲ್ಲ’ ಅಂದವರ ಮುಂದೆ ಕಾರ್ಮಿಕ ಏನು ತೋರಿಸಬೇಕು?

ಕಾಣದ ಕಣ್ಣು

ಇನ್ನು ಕಣ್ಣಿನ ಸೋಲಿನ ಮಾತು. ಇದರ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುವುದೇ ಅಪರೂಪ, ಆದರೆ ಪ್ರಯಾಣಿಕರಾದ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

2005ರಲ್ಲಿ ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಚಿತ್ರಗಳಲ್ಲಿ ಹುಡುಕಬೇಕಾದ ವಸ್ತು ನೂರರಲ್ಲಿ ಐವತ್ತು ಸಲ ಇದ್ದಾಗ ನೋಡುಗರು ಅದನ್ನು ತಪ್ಪಿಸಿಕೊಂಡದ್ದು ಸುಮಾರು ಶೇ 7ರಷ್ಟು. ಅದೇ ವಸ್ತು ನೂರರಲ್ಲಿ ಒಂದೇ ಸಲ ಬಂದಾಗ ತಪ್ಪು ಶೇ 30ಕ್ಕೆ ಏರಿತು. ನೋಡುಗರೂ ಅವರೇ, ಕಣ್ಣೂ ಅವೇ. ಅಪರೂಪಕ್ಕೆ ಬರುವುದನ್ನು ಮನಸ್ಸು ಬರುವುದೇ ಇಲ್ಲ ಅಂದುಕೊಂಡುಬಿಡುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನು ದಿನವಿಡೀ ಹಕ್ಕಿ ಬಾರದಿದ್ದರೆ ತೂಕಡಿಸುವ ಹಾಗೆ. ಎಕ್ಸ್‌ರೇ ಪರದೆಯ ಮುಂದೆ ಕೂತವರು ಬಾಂಬನ್ನು ಇಡೀ ನೌಕರಿಯಲ್ಲಿ ಒಮ್ಮೆಯೂ ನೋಡದಿರಬಹುದು. ಆದರೂ ಪ್ರತಿ ಚೀಲವನ್ನೂ ಇದರಲ್ಲೇ ಇದೆ ಅನ್ನುವಂತೆ ನೋಡಬೇಕು.

ಇದಕ್ಕೆ ಮದ್ದುಂಟು. ಯಂತ್ರವೇ ಆಗಾಗ ನಿಜವಾದ ಚೀಲದ ಚಿತ್ರದ ಮೇಲೆ ಸುಳ್ಳು ಆಯುಧದ ಚಿತ್ರ ತೂರಿಸಿ ಪರೀಕ್ಷಿಸುತ್ತದೆ. ಥ್ರೆಟ್ ಇಮೇಜ್ ಪ್ರೊಜೆಕ್ಷನ್ ಅಂತ ಅದರ ಹೆಸರು, ಕೆಲಸದವರ ಬಾಯಲ್ಲಿ ಟಿಪ್. ಇನ್ನೊಂದು ಮದ್ದು ಸರದಿ ಬದಲಾವಣೆ. ಯುರೋಪಿಯನ್ ಒಕ್ಕೂಟದ ನಿಯಮ ಸ್ಪಷ್ಟವಾಗಿದೆ: ಒಬ್ಬ ತಪಾಸಕ ಸಾಮಾನ್ಯವಾಗಿ ಸತತ 20 ನಿಮಿಷಕ್ಕಿಂತ ಹೆಚ್ಚು ಚಿತ್ರ ನೋಡಬಾರದು, ಆಮೇಲೆ ಕನಿಷ್ಠ 10 ನಿಮಿಷ ಪರದೆಯಿಂದ ದೂರ ಇರಬೇಕು. ಇಬ್ಬರು ಮಾಡುವ ಕೆಲಸಕ್ಕೆ ಮೂವರು ಇದ್ದರೆ ಮಾತ್ರ ಇದು ಸಾಧ್ಯ. ಬೆಳಗಿನ ಮೂರು ವಿಮಾನ ಒಟ್ಟಿಗೆ ಬಿಡುವ ಹೊತ್ತಿನಲ್ಲಿ, ಒಬ್ಬರು ರಜೆಯಲ್ಲಿದ್ದಾಗ, ಸರದಿ ಮುರಿಯುತ್ತದೆ. ಆಗ ಪರದೆಯ ಮುಂದೆ 40 ನಿಮಿಷ ಕೂತವಳು ಏನನ್ನಾದರೂ ಬಿಟ್ಟುಬಿಟ್ಟರೆ, ನೋಟಿಸು ಹೋಗುವುದು ಅವಳ ಹೆಸರಿಗೆ. ಪಾಳಿ ಹಾಕಿದವರ ಹೆಸರಿಗಲ್ಲ.

2015ರಲ್ಲಿ ಅಮೆರಿಕದಲ್ಲಿ ಸರ್ಕಾರದ್ದೇ ತನಿಖಾ ತಂಡ ಗುಟ್ಟಾಗಿ ನಕಲಿ ಬಾಂಬು, ಆಯುಧ ಒಯ್ದು ಪರೀಕ್ಷೆ ಮಾಡಿತು. 70 ಯತ್ನಗಳಲ್ಲಿ 67 ಸಲ ತಪಾಸಣೆ ಸೋತಿತು. ಸುದ್ದಿ ಹೊರಬಿದ್ದ ಕೂಡಲೇ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಹಂಗಾಮಿ ಮುಖ್ಯಸ್ಥರನ್ನೇ ಆ ಹುದ್ದೆಯಿಂದ ಸರಿಸಿದರು, ತಪಾಸಕರಿಗೆ ಮರುತರಬೇತಿ ಕೊಟ್ಟರು. ಹೊಣೆ ಮೇಲಕ್ಕೆ ಹೋಯಿತು, ಪಾಠ ಕೆಳಕ್ಕೆ ಬಂತು. ನಮ್ಮಲ್ಲಿ ಇದು ತಿರುಗಾಮುರುಗಾ ಆಗುವುದನ್ನು ನಾನು ಎಷ್ಟೋ ಇಲಾಖೆಗಳಲ್ಲಿ ಕಂಡಿದ್ದೇನೆ.

ಟಿಎಸ್‌ಎ ಆದರ್ಶ ಸಂಸ್ಥೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2013ರಲ್ಲಿ ಕೊಟ್ಟ ವರದಿಯಂತೆ 2010ರಿಂದ 2012ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಸುಮಾರು 9,600 ದುರ್ನಡತೆ ಪ್ರಕರಣಗಳು ನಡೆದಿದ್ದವು, ಅವಧಿಯೊಳಗೇ ಸಂಖ್ಯೆ ಶೇ 26ರಷ್ಟು ಏರಿತ್ತು. ಕಳವು ಎದ್ದು ಕಾಣುವ ಸುದ್ದಿಯಾದರೂ, ಅತಿ ಹೆಚ್ಚಿನ ಪಾಲು, ಶೇ 32, ಹಾಜರಾತಿ ಮತ್ತು ರಜೆಯದ್ದು. ತಪಾಸಣೆ ಹಾಗೂ ಭದ್ರತೆಯ ಲೋಪ ಶೇ 20. ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳು ಛೀಮಾರಿ ಪತ್ರದಲ್ಲಿ ಮುಗಿದಿದ್ದವು, ಶೇ 17ರಲ್ಲಿ ಕೆಲಸ ಹೋಗಿತ್ತು. ಈ ಅಂಕಿಗಳನ್ನು ಓದುವಾಗ ನನಗೆ ಅನ್ನಿಸಿದ್ದು, ಅವರು ಕನಿಷ್ಠ ಎಣಿಸುತ್ತಾರೆ, ಬೇರ್ಪಡಿಸುತ್ತಾರೆ, ಎಣಿಸಿದ್ದನ್ನು ಜನರ ಮುಂದೆ ಇಡುತ್ತಾರೆ. ರಜೆ ಸಿಗದೆ ಗೈರಾದವನನ್ನೂ ಪ್ರಯಾಣಿಕನ ಪರ್ಸಿಗೆ ಕೈ ಹಾಕಿದವನನ್ನೂ ಒಂದೇ ಮೊತ್ತದಲ್ಲಿ ಅಡಗಿಸಿಟ್ಟರೆ ರೋಗ ಯಾವುದು ಅಂತ ತಿಳಿಯುವುದಾದರೂ ಹೇಗೆ?

ಅಲ್ಲಿಯದೇ ಇನ್ನೊಂದು ಪಾಠ ಗುತ್ತಿಗೆಯ ಬಗ್ಗೆ. 2001ರ ಸೆಪ್ಟೆಂಬರ್ 11ರ ದಾಳಿಗೆ ಮೊದಲು ಅಮೆರಿಕದ ತಪಾಸಣೆ ವಿಮಾನ ಸಂಸ್ಥೆಗಳು ನೇಮಿಸಿದ ಖಾಸಗಿ ಗುತ್ತಿಗೆದಾರರ ಕೈಯಲ್ಲಿತ್ತು. ದಾಳಿಗೆ ಒಂದು ವರ್ಷ ಮೊದಲೇ ಜಿಎಒ ಎಚ್ಚರಿಸಿತ್ತು: ದೊಡ್ಡ ನಿಲ್ದಾಣಗಳಲ್ಲಿ ತಪಾಸಕರು ಕೆಲಸ ಬಿಟ್ಟು ಹೋಗುವ ಪ್ರಮಾಣ ವರ್ಷಕ್ಕೆ ಸರಾಸರಿ ಶೇ 126. ಅಂದರೆ ವರ್ಷದೊಳಗೆ ಇಡೀ ತಂಡವೇ ಬದಲಾಗಿ, ಮೇಲೆ ಕಾಲು ಭಾಗ ಮತ್ತೊಮ್ಮೆ ಬದಲಾದಂತೆ. ಅಂಥ ಬಹಳಷ್ಟು ನಿಲ್ದಾಣಗಳಲ್ಲಿ ಕೆಲವು ಕಂಪನಿಗಳು ಕೊಡುತ್ತಿದ್ದ ಆರಂಭದ ಕೂಲಿ ಗಂಟೆಗೆ ಆರು ಡಾಲರ್ ಅಥವಾ ಅದಕ್ಕಿಂತ ಕಡಿಮೆ. ದಾಳಿ ನಡೆದ ವರ್ಷದ ನವೆಂಬರ್‌ನಲ್ಲೇ ಕಾನೂನು ಮಾಡಿ ಈ ಕೆಲಸವನ್ನು ಸರ್ಕಾರ ವಹಿಸಿಕೊಂಡಿತು. ನಾವು ಈಗ ಸಣ್ಣಸಣ್ಣ ಹೆಜ್ಜೆಗಳಲ್ಲಿ ಗುತ್ತಿಗೆಯತ್ತ ನಡೆಯುತ್ತಿದ್ದೇವೆ, ಅವರು ಯಾಕೆ ಅಲ್ಲಿಂದ ಹಿಂದಕ್ಕೆ ಬಂದರು ಅನ್ನುವುದನ್ನು ಕೇಳಿಕೊಳ್ಳದೆ.

ನಾಲಿಗೆ, ಕೈ ಮತ್ತು ಮರ್ಯಾದೆ

2022ರ ಮಾರ್ಚ್‌ನಲ್ಲಿ ಗುವಾಹಟಿ ನಿಲ್ದಾಣದಲ್ಲಿ ಸೊಂಟಕ್ಕೆ ಲೋಹದ ಕೀಲು ಹಾಕಿಸಿಕೊಂಡ 80 ವರ್ಷದ ಮಹಿಳೆಯೊಬ್ಬರ ಬಟ್ಟೆ ಬಿಚ್ಚಿಸಿದ ಆರೋಪ ದೇಶದ ತುಂಬ ಸುದ್ದಿಯಾಯಿತು. ಸಿಐಎಸ್‌ಎಫ್ ಆ ಕಾನ್‌ಸ್ಟೇಬಲ್‌ರನ್ನು ಅಮಾನತು ಮಾಡಿತು. ಅದಕ್ಕೂ ಮೊದಲು, 2021ರ ಅಕ್ಟೋಬರ್‌ನಲ್ಲಿ ನರ್ತಕಿ, ನಟಿ ಸುಧಾ ಚಂದ್ರನ್ ಪ್ರತಿ ಸಲ ತಮ್ಮ ಕೃತಕ ಕಾಲನ್ನು ತೆಗೆಸುತ್ತಾರೆ ಅಂತ ವಿಡಿಯೊದಲ್ಲಿ ನೊಂದುಕೊಂಡಾಗ ಅದೇ ಪಡೆ ಕ್ಷಮೆ ಕೇಳಿತ್ತು. ಎರಡು ಘಟನೆಗಳ ನಡುವೆ ಐದು ತಿಂಗಳು ಮಾತ್ರ. ಮೊದಲನೆಯದರಲ್ಲಿ ಕೇಳಿದ ಕ್ಷಮೆ ಎರಡನೆಯದನ್ನು ತಡೆಯಲಿಲ್ಲ. ಆ ವೃದ್ಧೆಗೆ ಆದ ಅವಮಾನ ಅಕ್ಷಮ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಹದೊಳಗೆ ಲೋಹ ಇರುವವರನ್ನು ಹೇಗೆ ತಪಾಸಿಸಬೇಕು, ಡಿಟೆಕ್ಟರ್ ಕೂಗಿದಾಗ ಯಾರನ್ನು ಕೇಳಬೇಕು ಅನ್ನುವುದನ್ನು ಪಾಳಿಯಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಕೈಹಿಡಿದು ಕಲಿಸಿದ್ದರೇ? ಅಮಾನತಿನ ಸುದ್ದಿಯ ಜೊತೆಗೆ ಈ ಪ್ರಶ್ನೆಗೂ ಉತ್ತರ ಬರಬೇಕಿತ್ತು.

2024ರ ಜೂನ್‌ನಲ್ಲಿ ಚಂಡೀಗಢ ನಿಲ್ದಾಣದಲ್ಲಿ ಸಂಸದೆ ಕಂಗನಾ ರನೌತ್ ಅವರ ಕೆನ್ನೆಗೆ ಸಿಐಎಸ್‌ಎಫ್ ಕಾನ್‌ಸ್ಟೇಬಲ್ ಹೊಡೆದದ್ದು ಬೇರೆ ಜಾತಿಯ ತಪ್ಪು. ಸಮವಸ್ತ್ರದಲ್ಲಿರುವವರು ರಾಜಕೀಯ ಸಿಟ್ಟನ್ನು ಕೈಯಿಂದ ತೀರಿಸಿಕೊಂಡರೆ ಅದಕ್ಕೆ ತರಬೇತಿಯ ಕೊರತೆಯ ನೆಪ ಹೇಳಲಾಗದು. ಆಕೆಯನ್ನು ಹೊಗಳಿದವರನ್ನು ನಾನು ಒಪ್ಪಲಾರೆ. ಮರುತಿಂಗಳು ಜೈಪುರದಲ್ಲಿ ನಡೆದದ್ದು ಇದರ ಇನ್ನೊಂದು ಮಗ್ಗುಲು. ವಿಮಾನ ಸಂಸ್ಥೆಯ ಮಹಿಳಾ ನೌಕರರೊಬ್ಬರು ವಾಹನಗಳ ಗೇಟಿನಿಂದ ಒಳಬರುವಾಗ ತಪಾಸಣೆಯ ವಿಷಯಕ್ಕೆ ಜಗಳವಾಗಿ ಸಿಐಎಸ್‌ಎಫ್‌ನ ಎಎಸ್‌ಐ ಒಬ್ಬರ ಕೆನ್ನೆಗೆ ಬಾರಿಸಿದರು. ಆ ಗಳಿಗೆಗೆ ಮಹಿಳಾ ಸಿಬ್ಬಂದಿ ಗೇಟಿನಲ್ಲಿರಲಿಲ್ಲ. ಮಹಿಳೆಯರನ್ನು ಮಹಿಳೆಯರೇ ತಪಾಸಿಸಬೇಕು ಅನ್ನುವುದು ನಿಯಮ. ಅದನ್ನು ಪಾಲಿಸಲು ಪ್ರತಿ ಗೇಟಿನಲ್ಲಿ, ಪ್ರತಿ ಪಾಳಿಯಲ್ಲಿ ಮಹಿಳೆಯೊಬ್ಬರು ಇರಬೇಕಲ್ಲ. ಇಬ್ಬರಲ್ಲಿ ಯಾರದು ಹೆಚ್ಚು ತಪ್ಪು ಅಂತ ವಾರಗಟ್ಟಲೆ ಚರ್ಚೆಯಾಯಿತು. ಖಾಲಿ ಇದ್ದ ಆ ಕುರ್ಚಿಯ ಬಗ್ಗೆ ಅಷ್ಟು ಚರ್ಚೆ ಆಗಲಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಒತ್ತಡ ಸೇರಿಕೊಳ್ಳುತ್ತದೆ, ದೊಡ್ಡವರದ್ದು. ತಪಾಸಣೆಯಿಂದ ವಿನಾಯಿತಿ ಇರುವವರ ಪಟ್ಟಿಯನ್ನು ಬಿಸಿಎಎಸ್ ಮಾಡಿದೆ: ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಇಂಥವರು. ಸಾಮಾನ್ಯ ಶಾಸಕರಿಗೆ, ಸಂಸದರಿಗೆ ಅದರಲ್ಲಿ ಜಾಗವಿಲ್ಲ. ಅವರ ಆಪ್ತರಿಗಂತೂ ಇಲ್ಲವೇ ಇಲ್ಲ. ಹಾಗಿದ್ದೂ ಹಾರ ಹಿಡಿದು ಬೀಳ್ಕೊಡಲು ಬಂದವರು, “ಸಾಹೇಬರ ಬ್ಯಾಗ್ ಅದು, ಬಿಡ್ರೀ” ಅಂತ ಹೇಳಿದಾಗ ಬಿಡದೆ ನಿಂತ ಹುಡುಗನಿಗೆ ಮರುದಿನ ಫೋನು ಬರುತ್ತದೆ. ಬಿಟ್ಟರೆ ಕರ್ತವ್ಯಲೋಪ, ಬಿಡದಿದ್ದರೆ ‘ಅಸಭ್ಯ ವರ್ತನೆ’. ಬಿಟ್ಟುಬಿಡುವ ಅಭ್ಯಾಸ ಎಲ್ಲಿಗೆ ಒಯ್ಯಬಹುದು ಅನ್ನುವುದನ್ನು 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೋಡಿದ್ದೇವೆ. ದುಬೈನಿಂದ ಬಂದ ನಟಿಯೊಬ್ಬರು 14.2 ಕೆ.ಜಿ. ಚಿನ್ನದೊಂದಿಗೆ ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ ಸಿಕ್ಕಿಬಿದ್ದಾಗ, ಪೊಲೀಸ್ ಪ್ರೋಟೊಕಾಲ್ ಸೌಲಭ್ಯದ ದುರ್ಬಳಕೆಯ ಬಗ್ಗೆಯೇ ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಬೇಕಾಯಿತು. ಅದು ಕಸ್ಟಮ್ಸ್ ವಿಷಯ, ನಾವು ಮಾತಾಡುತ್ತಿರುವ ತಪಾಸಣೆಯದ್ದಲ್ಲ. ಆದರೆ ‘ದೊಡ್ಡವರ ಕಡೆಯವರು’ ಅನ್ನುವ ಮಾತಿಗೆ ಗೇಟು ತೆರೆದುಕೊಳ್ಳುವ ಗುಣ ಎಲ್ಲ ಕಡೆಯೂ ಒಂದೇ.

ಕಳವು, ಶಾಮೀಲು: ಇವೆರಡರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2023ರಲ್ಲಿ ಮಿಯಾಮಿಯ ತಪಾಸಕರು ಪ್ರಯಾಣಿಕರ ಪರ್ಸಿನಿಂದ ನೋಟು ಎಗರಿಸಿದ್ದು ಕ್ಯಾಮೆರಾದಲ್ಲಿ ದಾಖಲಾಗಿ ಬಂಧನವಾಯಿತು. 2016ರ ಫೆಬ್ರುವರಿಯಲ್ಲಿ ಸೊಮಾಲಿಯಾದ ಮೊಗದಿಶುವಿನಿಂದ ಹೊರಟ ದಾಲೊ ಏರ್‌ಲೈನ್ಸ್ ವಿಮಾನದಲ್ಲಿ ಬಾಂಬು ಸಿಡಿದಾಗ, ಬಾಂಬಿದ್ದ ಲ್ಯಾಪ್‌ಟಾಪನ್ನು ತಪಾಸಣೆ ದಾಟಿದ ಮೇಲೆ ಆ ಪ್ರಯಾಣಿಕನ ಕೈಗೆ ಕೊಟ್ಟವರು ನಿಲ್ದಾಣದ ಒಳಗಿನವರೇ ಅನ್ನುವುದು ಕ್ಯಾಮೆರಾದಲ್ಲಿ ಕಂಡಿತು. ಇಂಥದ್ದಕ್ಕೆ ಇಲಾಖಾ ವಿಚಾರಣೆಯ ನಿಧಾನ ಸಲ್ಲದು. ಪೊಲೀಸು, ಕೋರ್ಟು, ಜೈಲು. ನನ್ನ ತಕರಾರು ಇರುವುದು ಕಳ್ಳನಿಗೆ ಹೊಲಿದ ಅಂಗಿಯನ್ನು ದಣಿದವನಿಗೂ ತೊಡಿಸುವುದರ ಬಗ್ಗೆ.

ಏನಾದರೂ ಮಾಡಬಹುದೇ?

ವಿಮಾನಯಾನದ ಇನ್ನೊಂದು ಮೂಲೆಯಲ್ಲಿ ಈ ವಿವೇಕ ಆಗಲೇ ಇದೆ. ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನದನ್ನು ತಡೆಯುವುದು, ತಪ್ಪು ಹೊರಿಸುವುದಲ್ಲ ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಹೇಳುತ್ತದೆ. ಪೈಲಟ್ ತನ್ನ ಎಡವಟ್ಟನ್ನು ತಾನೇ ಬರೆದು ತಿಳಿಸಲು ದಾರಿಗಳಿವೆ, ಯಾಕೆಂದರೆ ಮುಚ್ಚಿಟ್ಟ ಎಡವಟ್ಟು ಮುಂದೊಂದು ದಿನ ನೂರಾರು ಜೀವ ತಿನ್ನುತ್ತದೆ. ತಪಾಸಕಿಯ ವಿಷಯದಲ್ಲೂ ಅಷ್ಟೇ. ಚೀಲ ದಾಟಿಹೋದ ಮೇಲೆ “ಅಯ್ಯೋ, ಅದರೊಳಗ ಏನೋ ಇತ್ತಲ್ಲ” ಅಂತ ಅವಳಿಗೆ ಹೊಳೆಯಿತು ಅನ್ನಿ. ಹೇಳಿದರೆ ಪಾಸು ಹೋಗುತ್ತದೆ ಅನ್ನುವ ಭಯವಿದ್ದರೆ ಅವಳು ಬಾಯಿ ಬಿಡುತ್ತಾಳೆಯೇ? ಆ ಚೀಲ ನಮ್ಮ ಜೊತೆಗೇ ವಿಮಾನ ಹತ್ತುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ತಾನಾಗಿ ಒಪ್ಪಿಕೊಂಡ ಕಣ್ತಪ್ಪಿಗೆ ಮರುತರಬೇತಿ ಇರಲಿ, ದಂಡನೆ ಬೇಡ. ಪರದೆಯ ಮುಂದೆ ಯಾರು ಎಷ್ಟು ನಿಮಿಷ ಕೂತಿದ್ದರು ಅನ್ನುವುದು ಯಂತ್ರದಲ್ಲೇ ದಾಖಲಾಗಲಿ, ಲೋಪದ ವಿಚಾರಣೆಯಲ್ಲಿ ಆ ದಾಖಲೆಯೇ ಮೊದಲ ಕಾಗದವಾಗಲಿ. ಪಾಸು ಹಿಂತೆಗೆದುಕೊಂಡರೆ ಕಾರಣ ಬರೆದು ಕೊಡಬೇಕು, ಎಷ್ಟು ದಿನದೊಳಗೆ ತೀರ್ಮಾನ ಅನ್ನುವುದನ್ನೂ ಬರೆಯಬೇಕು, ಅಲ್ಲಿಯವರೆಗೆ ಅದನ್ನು ಅಮಾನತು ಅಂತಲೇ ಎಣಿಸಿ ಜೀವನಾಧಾರ ಭತ್ಯೆ ಕೊಡಬೇಕು. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ತೆಗೆದಿಟ್ಟು ಆಪಾದಿತರಿಗೆ ತೋರಿಸಬೇಕು. ದೊಡ್ಡವರ ಫೋನು ಬಂದರೆ ಅದನ್ನು ಪಾಳಿಯ ಡೈರಿಯಲ್ಲಿ ಬರೆಯುವ ಧೈರ್ಯವನ್ನು ಮೇಲಿನವರು ಮೊದಲು ತೋರಿಸಲಿ.

ಪ್ರಯಾಣಿಕರಿಗೂ ಒಂದು ಮಾತು. ನಿಮಗೆ ಅವಮಾನವಾಗಿದ್ದರೆ ದೂರು ಕೊಡಿ, ಕೊಡಲೇಬೇಕು. 2016ರಿಂದ ಏರ್‌ಸೇವಾ ಪೋರ್ಟಲ್ ಇದೆ, ನಿಲ್ದಾಣದ ವ್ಯವಸ್ಥಾಪಕರಿದ್ದಾರೆ. ಸಮಯ, ಕೌಂಟರ್ ಸಂಖ್ಯೆ, ಎದೆಯ ಮೇಲಿನ ಹೆಸರು ಬರೆದುಕೊಂಡು ಅದೇ ದಿನ ಕೊಡಿ, ಕ್ಯಾಮೆರಾದ ನೆನಪು ಶಾಶ್ವತವಲ್ಲ. ಅವಮಾನದ ವಿಡಿಯೊವನ್ನು ಮೊಬೈಲಿನಲ್ಲಿ ಹರಿಬಿಟ್ಟು ಸಂಜೆಯೊಳಗೆ ಯಾರದೋ ಕೆಲಸ ಹೋದರೆ ತೃಪ್ತಿ ಸಿಗಬಹುದು. ಆದರೆ ಆ ಗೇಟಿನಲ್ಲಿ ನಾಳೆ ನಿಲ್ಲುವ ಹೊಸಬಳಿಗೆ ಅದರಿಂದ ಏನೂ ಕಲಿತಂತಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಈಗಿರುವ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದದ್ದು. 2024ರ ಮಾರ್ಚ್ 10ರಂದು ಹೊಸ ಟರ್ಮಿನಲ್‌ಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದಾರೆ. ಕಟ್ಟಡ ದೊಡ್ಡದಾದರೆ ಬೆಲ್ಟುಗಳು ಹೆಚ್ಚುತ್ತವೆ, ಅವುಗಳ ಮುಂದೆ ಕೂರುವ ನಮ್ಮ ಕಡೆಯ ಮಕ್ಕಳೂ ಹೆಚ್ಚುತ್ತಾರೆ. ಗದಗ, ಹಾವೇರಿ, ನವಲಗುಂದದಿಂದ ಬರುವ ಆ ಮಕ್ಕಳಿಗೆ ಯಾವ ಕಾಗದಕ್ಕೆ ಸಹಿ ಹಾಕಿಸುತ್ತೇವೆ ಅನ್ನುವುದನ್ನು ಗೋಡೆ ಏಳುವಾಗಲೇ ಮಾತಾಡಬೇಕು.

ನಮ್ಮ ಓಣಿಯ ಹುಡುಗಿಯ ಪರವಾಗಿ ನಾನು ಒಂದು ಮನವಿ ಬರೆದುಕೊಟ್ಟೆ. ನಿಯಮ, ತೀರ್ಪು, ದಿನಾಂಕ ಎಲ್ಲ ಹಾಕಿ ನಾಲ್ಕು ಪುಟ. ಅವಳು ಓದಿ, ಕೊನೆಗೆ ತನ್ನ ಕೈಯಿಂದ ಒಂದು ಸಾಲು ಸೇರಿಸಿದಳು: “ಆ ದಿನ ನಾನು ನೋಡಿದ ಚೀಲಗಳ ಚಿತ್ರ ಯಂತ್ರದಲ್ಲಿ ಇರುತ್ತವೆ, ದಯವಿಟ್ಟು ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ನೋಡಿ.” ನಾನು ಆ ಸಾಲನ್ನು ಹಾಗೆಯೇ ಬಿಟ್ಟೆ. ಮನವಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದೆ. ತಲುಪಿದ ಬಗ್ಗೆ ಸ್ವೀಕೃತಿಯ ಕಾರ್ಡು ಬಂದಿದೆ, ಉತ್ತರ ಇನ್ನೂ ಬಂದಿಲ್ಲ.